ಮದುವೆಯ ದಿನ ಕಾಣೆಯಾದ ಶೂಗಳು

ಹೊರ್ಗೋಶ್ ಗಡಿ
೨೨ ಫೆಬ್ರವರಿ ೨೦೨೧

ಪ್ರೀತಿಯ ಮಾಸೂಮಾ ಅಕ್ಕಾ,

ನನ್ನ ಮದುವೆ ಆಗಿಹೋಯಿತು! ಹೂಂ, ಖಾದಿಮ್ ಜೊತೆಗೇ, ನಾವು ಉಳಿದುಕೊಂಡಿರುವ ಈ ಪಾಳು ಇಟ್ಟಿಗೆ ಕಾರ್ಖಾನೆಯಲ್ಲೇ! ಬೆಲ್‌ಗ್ರೇಡಿನ ಕ್ಯಾಂಪಿನಲ್ಲಿ ಕುಳಿತು ನೀನು ಬೈಯುವುದು ಇಲ್ಲಿಗೇ ಕೇಳಿಸುತ್ತಿದೆ. ಮೂರು ವಾರ ತಡವಾಗಿ ತಿಳಿಸುತ್ತಿದ್ದೇನೆ, ಕ್ಷಮಿಸು. ಕಳೆದ ಸಲ ಗಡಿಯ ಬೇಲಿ ಹತ್ತುವಾಗ ಫೋನ್ ಪುಡಿಯಾಯಿತು.

ಹಿಮ ಕರಗಿಸಿ ಅನ್ನಕ್ಕಿಟ್ಟೆವು, ಒಣದ್ರಾಕ್ಷಿಯೂ ಸಿಕ್ಕಿತ್ತು! ನಮ್ಮ ಗುಂಪಿನ ಕುರ್ಬಾನ್ ಭಾಯಿ ನಿಕಾಹ್ ಓದಿದರು. ಅಡುಗೆಯ ಗುಲ್‌ಬೀಬಿ ಅಜ್ಜಿ, "ಮದುಮಗಳು ಹಿಂಗೆ ಹಲ್ಲು ಬಿಡಬಾರದು ಕಣೇ, ತಲೆ ತಗ್ಗಿಸು!" ಎಂದು ಗದರಿದರು.

"ನಗ್ತಿಲ್ಲ ಅಜ್ಜಿ, ಚಳಿಗೆ ಹಲ್ಲು ಕಟಕಟ ಅಂತಿವೆ!" ಎಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಇವರಂತೂ (ಖಾದಿಮ್‌ಗೆ 'ಇವರು' ಎಂದು ಬರೆಯಲು ಎಷ್ಟು ಖುಷಿ ಗೊತ್ತಾ!) ಕಂಬಳಿಯ ಮೇಲೆ ನವಾಬನಂತೆ ಕುಳಿತಿದ್ದರು.

ಮರುದಿನ ನಮ್ಮ ಗುಂಪು ಗಡಿ ದಾಟುವುದಿತ್ತು. ಆದರೆ ಅನ್ನ ಬಡಿಸುವಷ್ಟರಲ್ಲಿ ಪೊಲೀಸರು ಬಂದರು. ಎಲ್ಲರನ್ನೂ ದಬ್ಬಿ ಬಸ್ಸು ಹತ್ತಿಸಿ, ದೂರದ ಹೊಲದಲ್ಲಿ ಇಳಿಸಿ ಹೋದರು. ಹಿಮದಲ್ಲಿ ಐದು ಗಂಟೆ ನಡೆದು ವಾಪಸ್ ಬಂದೆವು. ಇವರ ಶೂ ಮದುವೆಯ ಹೊತ್ತಿಗೇ ಕಾಣೆಯಾಗಿತ್ತು. ಬರೀ ಕಾಲುಚೀಲದಲ್ಲಿ ನಡೆದರು ಅಕ್ಕಾ. ಹಿಮಕ್ಕೆ ಮರಗಟ್ಟಿ ಕಪ್ಪಾದ ಎಡಗಾಲಿನ ಮೂರು ಬೆರಳುಗಳನ್ನು ಆಸ್ಪತ್ರೆಯಲ್ಲಿ ತೆಗೆದರು.

"ಆ ಕುರ್ಬಾನ್ ನನ್ನ ಶೂ ಮೇಲೆ ಮೊದಲಿಂದ ಕಣ್ಣಿಟ್ಟಿದ್ದ. ನಿಕಾಹೂ ಓದಿದ, ಶೂನೂ ಹೊಡ್ದ!" ಎನ್ನುತ್ತಾರೆ ಇವರು. ಕುರ್ಬಾನ್ ಭಾಯಿ ಅಳುತ್ತಾ ಆಣೆಯಿಟ್ಟರೂ ನಂಬಲಿಲ್ಲ. ಅವರು ಗುಂಪಿನ ಜೊತೆ ಗಡಿ ದಾಟಿ ಹೋದರು. ಹೊರಡುವಾಗ ಇವರು ಮುಖ ತಿರುಗಿಸಿಕೊಂಡರು.

ಇವರು ಈಗ ನನ್ನ ಭುಜ ಹಿಡಿದೇ ನಡೆಯುತ್ತಾರೆ, ಇನ್ನು ಬೇಲಿ ಹತ್ತುವಂತಿಲ್ಲ. ನಿನ್ನ ಬಳಿಗೇ ಬರುತ್ತಿದ್ದೇವೆ. ಪಾಪುವಿಗೆ ಚಿಕ್ಕಮ್ಮನ ನೂರು ಮುತ್ತು. ದೇವರು ನಿಮ್ಮಿಬ್ಬರನ್ನೂ ಬೆಚ್ಚಗಿಟ್ಟಿರಲಿ.

ನಿನ್ನ ಹುಚ್ಚು ತಂಗಿ,
ಬಿನಫ್ಷಾ

ಮರೆತಿದ್ದೆ: ಇಲ್ಲ ಅಕ್ಕಾ, ಮರೆತಿರಲಿಲ್ಲ. ಶೂ ಅಡಗಿಸಿದವಳು ನಾನು. ಕ್ವೆಟ್ಟಾದಲ್ಲಿ ನಿನ್ನ ಮದುವೆಯ ದಿನ ಬಾವನ ಶೂ ಬಚ್ಚಿಟ್ಟು, ಹಾಡು ಹೇಳಿಸಿಯೇ ಕೊಟ್ಟಿದ್ದೆನಲ್ಲ? ನನ್ನ ಮದುವೆಗೆ ನೀನಿರಲಿಲ್ಲ. ನಿನ್ನ ಪಾಲಿನ ತಮಾಷೆಯನ್ನು ನಾನೇ ಮಾಡಿದೆ, ಇಟ್ಟಿಗೆ ಗೂಡಿನೊಳಗೆ ತುರುಕಿದೆ. ಇರಾನಿನಲ್ಲಿ ಬೆಳೆದ ಇವರಿಗೆ ಆ ಆಟವೇ ಗೊತ್ತಿಲ್ಲ. ಹೇಳಲು ಬಾಯಿ ತೆರೆಯುವಷ್ಟರಲ್ಲಿ ನಮ್ಮನ್ನು ಹೊರಗೆ ದಬ್ಬಿದ್ದರು. ಆಮೇಲೆ ಕುರ್ಬಾನ್ ಭಾಯಿ ಅಳುವಾಗಲೂ ನಾನು ಬಾಯಿ ಬಿಡಲಿಲ್ಲ.

ಶೂ ನನ್ನ ಚೀಲದ ತಳದಲ್ಲಿದೆ. ರೈಲಿನಲ್ಲಿ ಹೇಳಿಬಿಡುತ್ತೇನೆ. ಇಳಿಯುವಾಗ ಇವರು ನನ್ನ ಭುಜ ಹಿಡಿದಿರದಿದ್ದರೆ, ಏನೂ ಕೇಳದೆ ನೀನೇ ಬಂದು ಇವರ ಕೈ ಹಿಡಿದುಕೋ. ಗುರುವಾರ, ಸುಬೋತಿತ್ಸಾದಿಂದ ಮಧ್ಯಾಹ್ನ ಬರುವ ರೈಲು.