ಅಳಿಸಿದ ಮೂವತ್ತೊಂದು ಪುಸ್ತಕಗಳು

ಗ್ರಂಥಪಾಲಕರೇ,

ಕಳೆದ ಸೋಮವಾರ ನಿಮ್ಮ ಗ್ರಂಥಾಲಯದ ಕಂಪ್ಯೂಟರಿಗೆ ಹೊಸ ಮದರ್‌ಬೋರ್ಡ್ ಕೂರಿಸಿ, ಆಪರೇಟಿಂಗ್ ಸಿಸ್ಟಮ್ಮನ್ನು ಮತ್ತೆ ಹಾಕುವಾಗ ಡಿಸ್ಕನ್ನು ಪೂರ್ತಿ ಅಳಿಸಲಾಯಿತು. "ಒಳಗೆ ಬೇಕಾದ್ದೇನಾದ್ರೂ ಇದೆಯಾ?" ಎಂದು ರಿಪೇರಿಯವರು ಕೇಳಿದ್ದರು. "ಏನಿರತ್ತೆ, ಅಜ್ಜಿ ಪುರಾಣ. ಅಳಿಸಿ ಸ್ವಾಮಿ!" ಎಂದವರು ನಿಮ್ಮ ಗುಮಾಸ್ತರು.

ಆ ಅಜ್ಜಿ ನನ್ನ ಹೆಂಡತಿ. ಕಣ್ಣು ಕಾಣದವರಿಗಾಗಿ ಒಂಬತ್ತು ವರ್ಷ ಅಲ್ಲೇ ಕೂತು ಮೂವತ್ತೊಂದು ಪುಸ್ತಕಗಳನ್ನು ಓದಿ ಧ್ವನಿಮುದ್ರಿಸಿದ್ದಳು. ಇನ್ನೊಮ್ಮೆ ಓದಲು ಅವಳಿಲ್ಲ.

ನಿನ್ನೆ ರಿಪೇರಿಯವರೇ ಮತ್ತೆ ಬಂದು ಅಳಿಸಿದ ಡಿಸ್ಕಿನಿಂದಲೇ ಎರಡು ಪುಸ್ತಕ ಹುಡುಕಿ ತೆಗೆದರು. ಅವಳ ಕೆಮ್ಮು ಕೂಡ ಸ್ಪಷ್ಟವಾಗಿತ್ತು. "ಯಜಮಾನ್ರೇ, ಡಿಸ್ಕಿಗೆ ಹೊಸದೇನೂ ತುಂಬದಿದ್ರೆ ಉಳಿದದ್ದೂ ಸಿಗಬಹುದು" ಎಂದರು.

ಅವು ಸಿಗುವವರೆಗೆ ಆ ಯಂತ್ರವನ್ನು ಯಾರೂ ಮುಟ್ಟಬಾರದು. ಗುಮಾಸ್ತರು ಯಾರನ್ನೂ ಕೇಳದೆ ಅಳಿಸಲು ಹೇಳಿದ್ದೇಕೆ? ಉತ್ತರವನ್ನು ನನಗಲ್ಲ, ಸೂಚನಾ ಫಲಕಕ್ಕೆ ಬರೆಯಿರಿ. ಕಣ್ಣು ಕಾಣದವರಿಗೆ ಅದನ್ನು ಗುಮಾಸ್ತರೇ ನಿಂತು ಗಟ್ಟಿಯಾಗಿ ಓದಿ ಹೇಳಲಿ.

ಇಂತಿ,
ಕಿಟಕಿ ಪಕ್ಕದ ಕುರ್ಚಿಯ ಓದುಗ