ಆಸ್ಪತ್ರೆಯ ಮೆಟ್ಟಿಲ ಮೇಲೆ ನಿನ್ನ ಜಾಗ

ಚಿಕ್ಕವ್ವಾ,

ನಿನ್ನೆ ಬೆಳಿಗ್ಗೆ ಉತ್ತಮಪಾಳಯಂನಲ್ಲಿ ಬಸ್ ಇಳಿದಾಗ ಕಾಲು ತಾನಾಗಿ ನಿನ್ನ ಆಸ್ಪತ್ರೆಯ ಕಡೆಗೇ ತಿರುಗಿತು. ಕೈಯಲ್ಲಿ ಇಡ್ಲಿ ಡಬ್ಬಿ ಇರಲಿಲ್ಲ, ಅಷ್ಟೇ. ಕನ್ನಡ ಅಕ್ಷರ ನಿನಗೆ ಬರುತ್ತಿರಲಿಲ್ಲ. ಈ ತಮಿಳು ಸೀಮೆಯಲ್ಲಿ ನಮ್ಮ ಮನೆಯಲ್ಲಿ ಯಾರಿಗೆ ಬರುತ್ತಿತ್ತು ಹೇಳು? ತಮಿಳು ಸಾಹಿತ್ಯದ ಡಿಗ್ರಿ ಓದುತ್ತ ಓದುತ್ತ ಇದನ್ನು ನಾನೇ ಕಲಿತೆ. ನಾವಿಬ್ಬರೂ ಮಾತಾಡಿದ್ದು ಈ ಭಾಷೆಯಲ್ಲೇ, ಅದಕ್ಕೇ ಇದರಲ್ಲೇ ಬರೆಯುತ್ತೇನೆ. ನೀನು ಹೇಗೋ ಓದಿಕೊಳ್ಳುತ್ತೀ.

ಕಾಲೇಜಿಗೆ ಹೋಗುವ ದಾರಿಯಲ್ಲಿ ನಿನಗೆ ತಿಂಡಿ ಕೊಡುತ್ತಿದ್ದ ಬೆಳಿಗ್ಗೆಗಳು ನೆನಪಾಗುತ್ತವೆ. ರೋಗಿಗಳನ್ನು ಹೊರಳಿಸಿ, ಮೈ ಒರೆಸಿ, ಬೆಡ್‌ಪ್ಯಾನ್ ಎತ್ತಿ ಹೊರಗೆ ಬರುವಾಗ ನಿನ್ನ ಪಾದ ಊದಿ ಚಪ್ಪಲಿಯೊಳಗೆ ಹಿಡಿಯುತ್ತಿರಲಿಲ್ಲ. ಹನ್ನೆರಡು ಗಂಟೆ ಡ್ಯೂಟಿ, ಕೂರಲು ಒಂದು ಸ್ಟೂಲೂ ಇಲ್ಲ. ಬದಲಿಯವಳು ಬರದಿದ್ದರೆ ಇನ್ನೂ ಹನ್ನೆರಡು, ಅದಕ್ಕೆ ಸಂಬಳವಿಲ್ಲ. ಆದರೂ ಯಾರಾದರೂ “ಆಯಾ” ಅಂದರೆ ನೀನು ಡಬ್ಬಿ ಮುಚ್ಚಿ, “ನರ್ಸಿಂಗ್ ಅಸಿಸ್ಟೆಂಟ್ ಅಂತ ಅನ್ನಪ್ಪಾ, ಟ್ರೈನಿಂಗ್ ಮುಗಿಸಿದೀನಿ” ಅನ್ನುತ್ತಿದ್ದೆ. ನಾನು ನಾಚಿ ನೆಲ ನೋಡಿದರೆ ನನಗೂ ಬೀಳುತ್ತಿತ್ತು: “ನೀನ್ಯಾಕೆ ಬಾಯೊಳಗೆ ಕೊಳುಕಟ್ಟೆ ಇಟ್ಕೊಂಡಂಗೆ ನಿಂತಿದೀಯೇ?” ನಿಜವಾಗಿ ಬಾಯಲ್ಲಿ ಕಡುಬಿದ್ದಿದ್ದರೂ ಇನ್ನೊಂದಿಷ್ಟು ಮಾತಾಡುತ್ತಿದ್ದೆನೇನೋ.

ಸೆಲ್ವಿ ಅಕ್ಕನಿಗೆ ಬದಲಿ ಬಾರದ ಆ ದಿನವನ್ನು ಹೇಗೆ ಮರೆಯಲಿ? ನಿನ್ನ ಜೊತೆಯಲ್ಲೇ ಕೆಲಸಕ್ಕಿದ್ದವಳು, ಮನೆಯಲ್ಲಿ ಹಾಲು ಕುಡಿಯುವ ಮಗು. ನಿನ್ನ ಡ್ಯೂಟಿ ಮುಗಿದಿತ್ತು, ಬಸ್ಸೂ ಬಂದಿತ್ತು. ನೀನು ಹತ್ತಲಿಲ್ಲ. ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಹೊರಗೆ ಬಂದವರೆಲ್ಲ ನಿನ್ನ ಪಕ್ಕ ಕೂತರು. ಮ್ಯಾನೇಜರ್ ಓಡಿ ಬಂದ.

“ಡ್ಯೂಟಿ ಮುಗೀತಲ್ಲಮ್ಮಾ, ಹೊರಡಿ.”

“ಸೆಲ್ವಿ ಬರಲಿ ಸಾರ್. ದ್ರಾಕ್ಷಿ ತೋಟದಲ್ಲಿ ಒಬ್ಬಳನ್ನೇ ಸಾಲಲ್ಲಿ ಬಿಟ್ಟು ನಾವು ಹೋಗಲ್ಲ.”

“ಇದೇನು ತೋಟಾನಾ?”

“ಅಲ್ಲ ಸಾರ್. ತೋಟದಲ್ಲಾದ್ರೆ ಕೂತು ಉಣ್ಣಬಹುದು.”

ಚೀಟಿ ಮಾಡಿಸಲು ಬಂದಿದ್ದ ಜನ ನಕ್ಕುಬಿಟ್ಟರು. ಸ್ವಲ್ಪ ಹೊತ್ತಿಗೆ ಮ್ಯಾನೇಜರ್ ಎಲ್ಲಿಂದಲೋ ಒಬ್ಬಳನ್ನು ಕರೆಸಿದ, ಸೆಲ್ವಿ ಅಕ್ಕ ಹಾಲು ಕಟ್ಟಿದ ಎದೆ ಹಿಡಿದುಕೊಂಡು ಮನೆಗೆ ಓಡಿದಳು. ಅಂದಿನಿಂದ ಯಾರಿಗೆ ಬದಲಿ ಬರದಿದ್ದರೂ ಮೆಟ್ಟಿಲು ತುಂಬುತ್ತಿತ್ತು.

ಹನುಮಂತನಪಟ್ಟಿಯ ತೋಟಕ್ಕೆ ನಿನ್ನ ಹಿಂದೆ ಬರುತ್ತಿದ್ದ ನನ್ನ ರಜೆಗಳಲ್ಲಿ ಇದನ್ನು ನೋಡಿದ್ದೆ. ನೀನಾಗ ಇನ್ನೂ ಆಸ್ಪತ್ರೆಗೆ ಸೇರಿರಲಿಲ್ಲ, ಕೂಲಿಗೆ ಹೋಗುತ್ತಿದ್ದೆ. ಚಪ್ಪರದ ಕೆಳಗೆ ಒಬ್ಬೊಬ್ಬಳಿಗೆ ಒಂದೊಂದು ಸಾಲು, ಗೊಂಚಲಿನ ಕೊಳೆತ ಹಣ್ಣು ಕತ್ತರಿಸುವ ಕೆಲಸ. ಯಾರ ಸಾಲು ಹಿಂದೆ ಬಿದ್ದರೂ ಮುಗಿಸಿದವರು ತಿರುಗಿ ಬಂದು ಆ ಸಾಲಿಗೆ ಕತ್ತರಿ ಹಾಕುತ್ತಿದ್ದರು. ಯಾರೂ ಬಾ ಅನ್ನುತ್ತಿರಲಿಲ್ಲ. ಹೊರಗೆ ಬರುವಾಗ ಎಲ್ಲರೂ ಒಟ್ಟಿಗೆ.

ನೀನು ಎದೆನೋವಿನಲ್ಲಿ ತೀರಿಹೋದ ಮೇಲಿನ ತಿಂಗಳು, ಮೆಟ್ಟಿಲ ಮೇಲೆ ಕೂತವರಿಗೆ ಆ ದಿನದ ಸಂಬಳವಿಲ್ಲ ಎಂದು ಮ್ಯಾನೇಜರ್ ಹೇಳಿದ. ನೀನಿಲ್ಲ, ಇನ್ನು ಯಾರೂ ಕೂರುವುದಿಲ್ಲ ಅಂದುಕೊಂಡನೋ ಏನೋ. ಸೆಲ್ವಿ ಅಕ್ಕ ಮನೆಗೇ ಬಂದಳು. “ಓದಿದವಳು ನೀನು, ಬಾ ಪಾಪಾ, ದೊಡ್ಡ ಡಾಕ್ಟರ್ ಹತ್ತಿರ ಮಾತಾಡು.” ನಾನಾ? ಬಸ್ಸಲ್ಲಿ ಟಿಕೆಟ್ ಕೇಳಲೂ ಪಕ್ಕದವರ ಮುಖ ನೋಡುವ ನಾನಾ?

ದೊಡ್ಡ ಡಾಕ್ಟರ ಕೋಣೆಗೆ ಒಬ್ಬರೇ ಬರಬೇಕೆಂದರು. ಹೋದೆ. ಮನೆಯಲ್ಲಿ ಜೋಡಿಸಿಟ್ಟುಕೊಂಡಿದ್ದ ಒಂದು ಮಾತೂ ಬರಲಿಲ್ಲ. “ಹೇಳಮ್ಮಾ” ಅಂದರು. ಫ್ಯಾನು ತಿರುಗುತ್ತಿತ್ತು, ನಾನು ನೆಲ ನೋಡುತ್ತಿದ್ದೆ, ಮತ್ತೆ... ಬಾಗಿಲು ತೆರೆಯಿತು. ಸೆಲ್ವಿ ಅಕ್ಕ ಬಂದು ನನ್ನ ಕಾಲ ಬಳಿ ನೆಲದ ಮೇಲೆ ಕೂತಳು. ಆಮೇಲೆ ಇನ್ನೊಬ್ಬಳು. ಆಮೇಲೆ ಎಲ್ಲರೂ.

“ಒಬ್ಬರು ಅಂದೆನಲ್ಲಾ?”

“ಒಬ್ಬಳೇ ಮಾತಾಡ್ತಾಳೆ ಸಾರ್. ನಾವು ಸುಮ್ಮನೆ ಕೂತಿರ್ತೀವಿ.”

ಹಿಂದೆ ಬಿದ್ದಿದ್ದು ಈ ಸಲ ನನ್ನ ಸಾಲು. ಅವರು ತಿರುಗಿ ಬಂದಿದ್ದರು. ಚಿಕ್ಕವ್ವಾ, ಆಮೇಲೆ ನಾನು ಮಾತಾಡಿದೆ! ಮೆಟ್ಟಿಲ ಮೇಲೆ ಕೂತ ದಿನಗಳ ಸಂಬಳ, ಎಂಟು ಗಂಟೆ ಡ್ಯೂಟಿ, ಹೆಚ್ಚು ನಿಂತರೆ ಅದಕ್ಕೆ ಸಂಬಳ, ವಾರ್ಡಿನಲ್ಲಿ ಕೂರಲು ಒಂದು ಬೆಂಚು, ಈಗಿನ ಸಂಬಳಕ್ಕೆ ಏರಿಕೆ. ನಡುವೆ ಧ್ವನಿ ಒಡೆದರೂ ನಿಲ್ಲಿಸಲಿಲ್ಲ. ಇವರೆಲ್ಲ ಒಂದು ದಿನ ಹೊರಗೇ ಕೂತರೆ ವಾರ್ಡು ಏನಾಗುತ್ತದೆಂದು ಡಾಕ್ಟರಿಗೆ ತಿಳಿಯದೇ? ಎರಡು ಸಲ ಕರೆಸಿ ಚೌಕಾಸಿ ಮಾಡಿ, ಕೊನೆಗೆ ಒಪ್ಪಿದರು. ಈಗ ದಿನಕ್ಕೆ ಮೂರು ಶಿಫ್ಟು. ಬೆಂಚು ಬಂದಿದೆ. ಸಂಬಳ ಮಾತ್ರ ಕೇಳಿದಷ್ಟು ಏರಿಲ್ಲ. ಅದನ್ನು ನಾವು ಬಿಟ್ಟಿಲ್ಲ.

ನಿನ್ನೆ ಬೆಳಿಗ್ಗೆ ನಾನು ಹೋದಾಗ ಹೊಸ ಹುಡುಗಿಯೊಬ್ಬಳ ಬದಲಿ ತಡವಾಗಿತ್ತು. ನಿನ್ನನ್ನು ಅವಳು ನೋಡಿಯೂ ಇಲ್ಲ. ಡ್ಯೂಟಿ ಮುಗಿಸಿದವರು ಬಂದು ಚೀಲ ಮಡಿಲಲ್ಲಿಟ್ಟು ಕೂರತೊಡಗಿದರು. ಎಲ್ಲರೂ ಕೂತು ಮುಗಿಯುವ ಮೊದಲೇ ಮ್ಯಾನೇಜರ್ ಹೊರಗೆ ಬಂದ. “ಬಸ್ ಇಳಿದಳಂತಮ್ಮಾ, ಬರ್ತಾ ಇದಾಳೆ, ಬರ್ತಾ ಇದಾಳೆ!” ಎಲ್ಲರೂ ನಕ್ಕರು.

ಕಂಬದ ಪಕ್ಕ ನೀನು ಕೂರುತ್ತಿದ್ದ ಜಾಗ ಖಾಲಿ ಇತ್ತು. ಅಲ್ಲಿ ಯಾರೂ ಕೂರುವುದಿಲ್ಲವಂತೆ. ಸೆಲ್ವಿ ಅಕ್ಕ ಸೆರಗಿನಿಂದ ಅದನ್ನು ಒರೆಸಿ, “ಕೂರು ಪಾಪಾ” ಅಂದಳು.

ಕೂತೆ, ಚಿಕ್ಕವ್ವಾ. ಆ ಹುಡುಗಿ ಹೊರಗೆ ಬರುವವರೆಗೂ ಕೂತಿದ್ದೆ.

ನಿನ್ನ ಮಗಳು