ನೂರಾ ಹನ್ನೆರಡು ಮನೆಗೆ ಹೋದ ಸುದ್ದಿ

ಸೋಮವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ತಮ್ಮನಿಗೆ,

ಅಕ್ಕನ ಆಶೀರ್ವಾದ. ಬರೆಯುವುದಕ್ಕೆ ಇಪ್ಪತ್ತು ದಿನ ತಡವಾಯಿತು, ಕ್ಷಮಿಸು. ನಾಲ್ಕು ಕಾಗದ ಬರೆದು ಹರಿದುಹಾಕಿದೆ. ನಿನ್ನ ಎಡಗಿವಿಯ ಕಟ್ಟು ಬಿಚ್ಚಿದರಂತೆ, ಆದರೂ ಏನೂ ಕೇಳಿಸುತ್ತಿಲ್ಲವಂತೆ. ಅಮ್ಮ ಇಷ್ಟು ಹೇಳಿ ಫೋನ್ ಇಟ್ಟುಬಿಟ್ಟಳು.

ಆಫೀಸಿಗೆ ಹೊಸ ಗಾಜು ಹಾಕಿಸಿದ್ದೇನೆ. ಗೋಡೆಯ ರಕ್ತದ ಕಲೆ ಎರಡು ಸಲ ಬಣ್ಣ ಹೊಡೆದರೂ ಹೋಗಿಲ್ಲ. ಆಸ್ಪತ್ರೆಯವರು ಇನ್ನೂ ನಮ್ಮ ಸಾಫ್ಟ್‌ವೇರನ್ನೇ ಇಟ್ಟುಕೊಂಡಿದ್ದಾರೆ, ಪುಣ್ಯ. ನಿನ್ನ ಕುರ್ಚಿಯಲ್ಲಿ ಯಾರನ್ನೂ ಕೂರಿಸಿಲ್ಲ.

ಆ ದಿನ ಕಣ್ಣಿಂದ ಹೋಗುತ್ತಿಲ್ಲ ಕಣೋ. ನಾನು ಮಾಡಿದ್ದ ನಿಯಮ ಒಂದೇ: ಮೂಲ ಪ್ರೋಗ್ರಾಮಿಗೆ ಆಮೇಲೆ ಜೋಡಿಸುವ ಯಾವ ಪ್ಲಗಿನ್ನೂ ತನಗೆ ಬೇಕಾದ್ದನ್ನು ತಾನೇ ಹೋಗಿ ತರಕೂಡದು. ಕೇಳಬೇಕು, ಮೂಲ ಪ್ರೋಗ್ರಾಂ ಅದರ ಕೈಗೆ ಕೊಡಬೇಕು. ಮೆಸೇಜ್ ಕಳಿಸುವ ಭಾಗವೂ ಹಾಗೆಯೇ, ಪರೀಕ್ಷೆಗೆ ಯಾರಿಗೂ ಏನೂ ಕಳಿಸದ ನಕಲಿ, ಕೆಲಸಕ್ಕೆ ಅಸಲಿ. ಸಾವಿನ ಸುದ್ದಿ ತಿಳಿಸುವ ಹೊಸ ಪ್ಲಗಿನ್ನನ್ನು ನೀನು ಆಸ್ಪತ್ರೆಯ ರೋಗಿಗಳ ಮನೆಯವರ ಫೋನ್ ಪಟ್ಟಿ ಇಟ್ಟುಕೊಂಡು ಪರೀಕ್ಷಿಸಿದೆ. ನಕಲಿ ಭಾಗ ಅಂದು ಕೆಟ್ಟು ಕೂತಿತು. ಕೆಲಸ ಅಲ್ಲಿಗೇ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ‘ನಿಮ್ಮ ರೋಗಿ ತೀರಿಕೊಂಡಿದ್ದಾರೆ’ ಎಂಬ ಮೆಸೇಜು ನೂರಾ ಹನ್ನೆರಡು ಮನೆಗೆ ಹೋಯಿತು.

ಒಂದು ಗಂಟೆಯೊಳಗೆ ಸಲಾಕೆ, ಕಲ್ಲು ಹಿಡಿದು ಜನ ಆಫೀಸಿಗೆ ನುಗ್ಗಿದರು. “ನನ್ ಹೆಂಡ್ತಿ ಎದ್ದು ಕೂತು ಮಾತಾಡ್ತಾ ಇದ್ದಾಳೆ, ಸತ್ತೋದ್ಲು ಅಂತ ಬರೀತೀರೇನ್ರೋ!” ಎಂದು ಒಬ್ಬ ಮಾನಿಟರ್ ಎತ್ತಿ ನಮ್ಮ ಗುಮಾಸ್ತರ ಮುಖಕ್ಕೆ ಅಪ್ಪಳಿಸಿದ. ಪಾಪ, ಮೂರು ಹಲ್ಲು ಹೋದವು. ಪೊಲೀಸರು ಅವರನ್ನೆಲ್ಲ ಎಳೆದುಕೊಂಡು ಹೋದ ಮೇಲೆ ನಾನು ನಿನ್ನ ಕಡೆ ತಿರುಗಿದೆ.

“ನೀನೇ ಹೋಗಿ ಅಸಲಿಗೆ ಕೈಹಾಕಿದ್ದೀಯಲ್ಲೋ, ಮನೆಹಾಳ!” ಎಂದು ಮುರಿದುಬಿದ್ದಿದ್ದ ಕುರ್ಚಿಯ ಕಾಲಿನಿಂದ ಬಾರಿಸಿದೆ. ನನ್ನ ಬಾಯಿ ಎಲ್ಲರಿಗೂ ಗೊತ್ತಿತ್ತು, ಕೈ ಅಂದು ಗೊತ್ತಾಯಿತು. ಬೆನ್ನಿಗೆ, ಭುಜಕ್ಕೆ, ಲೆಕ್ಕವಿಲ್ಲ. ನೀನು ಕೈ ಅಡ್ಡ ಹಿಡಿಯಲೂ ಇಲ್ಲ. “ಅಕ್ಕಾ, ಹಳೇದು ತೆಗೆದು ನೋಡೇ” ಅಂದೆ, ಅಷ್ಟೇ. “ಎದುರು ಮಾತಾಡ್ತೀಯಾ?” ಎಂದು ಕಿವಿಯ ಮೇಲೆ ಕೊಟ್ಟೆ.

ಮಾತ್ರೆ ತಪ್ಪಿಸಬೇಡ. ಹೊಟ್ಟೆ ತುಂಬ ಉಣ್ಣು. ನನ್ನ ಮುಖ ನೋಡದಿದ್ದರೂ ಸರಿ, ನೂರು ಕಾಲ ಚೆನ್ನಾಗಿರು.

ನಿನ್ನ ಅಕ್ಕ

ತಾ.ಕ.: ನೀನು ಹೇಳಿದ ಹಾಗೆ ನಿನ್ನೆ ಹಳೆಯ ಪ್ರೋಗ್ರಾಮನ್ನು ತೆಗೆದು ನೋಡಿದೆ. ನಿನ್ನ ಪ್ಲಗಿನ್ ನಿಯಮದಂತೆ ಕೇಳಿತ್ತು, ಯಾವುದಕ್ಕೂ ಕೈಹಾಕಿರಲಿಲ್ಲ. ಮೂಲ ಪ್ರೋಗ್ರಾಮಿನಲ್ಲೇ ಒಂದು ಸಾಲಿದೆ: ನಕಲಿ ಸಿಗದಿದ್ದರೆ ಅಸಲಿ ಕೊಡು. ಮೂರು ವರ್ಷದ ಹಿಂದೆ, ಆಸ್ಪತ್ರೆಯವರಿಗೆ ಮೊದಲ ಸಲ ತೋರಿಸುವ ಅವಸರದಲ್ಲಿ ಬರೆದದ್ದು. ಪಕ್ಕದಲ್ಲಿ ‘ಸದ್ಯಕ್ಕಿರಲಿ, ಆಮೇಲೆ ತೆಗೆಯುತ್ತೇನೆ’ ಎಂದಿದೆ. ಬರೆದವರ ಹೆಸರು ನನ್ನದು. ನಿನಗದು ಗೊತ್ತಿತ್ತು. ಎಲ್ಲರೆದುರು ನನ್ನ ಹೆಸರು ಹೇಳಬಾರದು ಎಂದು ಹೊಡೆಸಿಕೊಂಡೆಯೇನೋ, ತಮ್ಮಾ?